ಪಾದ್ರಿಯ ಜೋಳಿಗೆಯಲ್ಲಿ ಸರ್ವಜ್ಞ

ಗದಗ ತಾಲೂಕಿನ ಹರ್ತಿಯಲ್ಲಿ ಪಾರ್ವತಿ-ಪರಮೇಶ್ವರರ ಹಳೆಯ ಗುಡಿಯೊಂದಿದೆ. ಅಲ್ಲಿರುವುದು ಚಾಲುಕ್ಯರ ಕಾಲದ ಕಲ್ಲುಕೆಲಸ. ಈ ಸೀಮೆಯ ಗುಡಿಗಳಲ್ಲಿ ಕಟ್ಟಿಸಿದವರ, ದಾನ ಕೊಟ್ಟವರ, ಭೂಮಿ ಬಿಟ್ಟವರ ಹೆಸರುಗಳು ಶಾಸನಗಳಲ್ಲಿ ಸಾಲುಸಾಲಾಗಿ ಸಿಗುತ್ತವೆ. ಉಳಿ ಹಿಡಿದು ಕೂತವರ ಹೆಸರು ಸಿಗುವುದು ಅಪರೂಪ. ಬೈಬಲಿನಲ್ಲಿ ಮಾತ್ರ ಒಂದು ಕಡೆ ಇದು ತಿರುವುಮುರುವಾಗಿದೆ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಮರುಭೂಮಿಯಲ್ಲಿ ದೇವದರ್ಶನದ ಗುಡಾರ ಕಟ್ಟುವಾಗ ಅದನ್ನು ಮಾಡಿದ ಕಸುಬುದಾರನ ಹೆಸರು, ಅವನ ಅಪ್ಪ-ಅಜ್ಜಂದಿರ ಹೆಸರು, ಕುಲದ ಹೆಸರು ಎಲ್ಲವೂ ದಾಖಲಾಗಿವೆ. ಅವನು ಯೆಹೂದ ಕುಲದ ಬೆಚಲೇಲ. ಅವನ ಜೊತೆಗಾರ ದಾನ್ ಕುಲದ ಒಹೊಲೀಯಾಬ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೂ ರತ್ನ ಕೆತ್ತುವುದಕ್ಕೂ ಮರಗೆಲಸಕ್ಕೂ ಬೇಕಾದ ಜಾಣ್ಮೆಯನ್ನು ದೇವರೇ ತನ್ನ ಆತ್ಮದಿಂದ ಬೆಚಲೇಲನಲ್ಲಿ ತುಂಬಿದನೆಂದು ಆ ಪುಸ್ತಕ ಹೇಳುತ್ತದೆ. ದೇವರ ಆತ್ಮದಿಂದ ತುಂಬಿದವನೆಂದು ಬೈಬಲ್ ಮೊದಲು ಕರೆದದ್ದು ಪ್ರವಾದಿಯನ್ನೂ ಅಲ್ಲ, ಅರಸನನ್ನೂ ಅಲ್ಲ. ಆ ಮಾತು ಬಂದದ್ದು ಒಬ್ಬ ಕೈಕೆಲಸದವನ ಬಗ್ಗೆ.

ಅಲ್ಲೇ ಸ್ವಲ್ಪ ಮುಂದೆ ಆಡಿನ ಕೂದಲು ನೂತ ಹೆಂಗಸರ ಮಾತು ಬರುತ್ತದೆ. ಗುಡಾರದ ಮೇಲ್ಹೊದಿಕೆಗೆ ಬೇಕಾದ ನೂಲು ಅವರ ಕೈಯಿಂದ ಬಂತು. ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳ ಓದುಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂತು, ಹುಣಸೆಬೀಜದ ಗಂಜಿ ಕುಡಿಸಿ ಬಿಸಿಲಿಗೆ ಹರವಿ, ಗಂಡಸರು ಕುಣಿಮಗ್ಗದಲ್ಲಿ ಕೂತು ಕಂಬಳಿ ನೇಯುವ ಮನೆತನಗಳನ್ನು ಕಂಡ ಸೀಮೆ ಇದು. ಗಂಜಿ ತೆಳ್ಳಗಾದರೆ ಎಳೆ ಹರಿಯುತ್ತದೆ, ದಪ್ಪಗಾದರೆ ಒಂದಕ್ಕೊಂದು ಅಂಟುತ್ತದೆ. ಆ ಹದ ಕೈಗೆ ಗೊತ್ತು, ಬಾಯಿಂದ ಹೇಳಲು ಬಾರದು. ಅಂಥ ಕೈಯ ತಿಳಿವಳಿಕೆಯನ್ನು ವಿಮೋಚನಕಾಂಡ ಜ್ಞಾನವೆಂದೇ ಕರೆದು ಗೌರವಿಸುತ್ತದೆ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ದೇವರು ನನ್ನನ್ನು ಯಾವುದಕ್ಕಾಗಿ ಕರೆದಿದ್ದಾನೆ ಎಂಬ ಪ್ರಶ್ನೆ ಕ್ರೈಸ್ತ ಮನೆಗಳ ಮಕ್ಕಳನ್ನು ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಕಾಡತೊಡಗುತ್ತದೆ. ಮನೆಯಲ್ಲಿ, ಸಭೆಯಲ್ಲಿ ಅದಕ್ಕೆ ಸಿದ್ಧವಾಗಿರುವ ಉತ್ತರಗಳು ಎರಡೋ ಮೂರೋ. ದೇವರ ಸೇವೆ ಎಂದರೆ ಪಾದ್ರಿಯಾಗುವುದು. ಇಲ್ಲವಾದರೆ ದವಾಖಾನೆಯಲ್ಲಿ ನರ್ಸ್ ಆಗುವುದು, ಶಾಲೆಯಲ್ಲಿ ಮಾಸ್ತರಿಕೆ ಮಾಡುವುದು. ಇವೆಲ್ಲ ದೊಡ್ಡ ಕೆಲಸಗಳೇ. ಗದಗ-ಬೆಟಗೇರಿಯ ಜನ ಇವತ್ತಿಗೂ ಜರ್ಮನ್ ದವಾಖಾನೆ ಎಂದು ಕರೆಯುವ ಆಸ್ಪತ್ರೆ ನಿಂತದ್ದೇ ಅಂಥ ಸೇವೆಯ ಮೇಲೆ. ಆದರೆ ಚಿತ್ರ ಬರೆಯುವ, ಹಾಡು ಕಟ್ಟುವ, ನಾಟಕ ಆಡಿಸುವ, ಕತೆ ಬರೆಯುವ ಹುಡುಗ-ಹುಡುಗಿಯರಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅವರ ವರ ಕ್ರಿಸ್‌ಮಸ್ ರಾತ್ರಿಯ ಕಾರ್ಯಕ್ರಮಕ್ಕೆ ಮಾತ್ರ ಬೇಕು. ಮರುದಿನ ಅದು ಬರೀ ಹವ್ಯಾಸ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮುಂಡರಗಿ ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ ಸೀಮೆ. ಅಲ್ಲಿ ಉತ್ತಂಗಿ ಎಂಬ ಊರಿದೆ. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಒಬ್ಬ ಸಭಾಪಾಲಕರು ಕನ್ನಡಕ್ಕೆ ಸರ್ವಜ್ಞನನ್ನು ಒಟ್ಟುಮಾಡಿ ಕೊಟ್ಟರು.

ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಎರಡು ಹೆಸರುಗಳನ್ನು ಒಟ್ಟಿಗೆ ಓದಿದರೆ ಆ ಕಾಲದ ಕನ್ನಡ ಕ್ರೈಸ್ತರ ಬದುಕು ಅರ್ಥವಾಗುತ್ತದೆ. ಬೈಬಲಿನ ದಾನಿಯೇಲನಿಗೆ ಕನ್ನಡದ ಅಪ್ಪ ಸೇರಿದ್ದಾನೆ, ಭಕ್ತಿಗೆ ಅವ್ವ ಸೇರಿದ್ದಾಳೆ. ಮಗನಿಗೆ ಅಪ್ಪಟ ಈ ನೆಲದ ಹೆಸರು. ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದು ಚನ್ನಪ್ಪನವರು ಸುವಾರ್ತೆ ಸಾರುವ ಕೆಲಸಕ್ಕೆ ಇಳಿದರು. ಅವರ ಕರೆ ಅದೇ ಎಂದು ಅವರಿಗೂ ಸಭೆಗೂ ಸಂಶಯವಿರಲಿಲ್ಲ.

ಊರೂರು ತಿರುಗಿ ಮಾತಾಡುವವನಿಗೆ ಮೊದಲು ಬೇಕಾದದ್ದು ಕೇಳುವ ಕಿವಿ. ಉತ್ತರ ಕರ್ನಾಟಕದ ಯಾವ ಹಳ್ಳಿಯ ಕಟ್ಟೆಗೆ ಹೋದರೂ ಜನರ ಬಾಯಲ್ಲಿ ಇದ್ದದ್ದು ಸರ್ವಜ್ಞ. ಸಾಲದ ಮಾತು ಬಂದರೆ ಸರ್ವಜ್ಞ, ಒಕ್ಕಲುತನದ ಮಾತು ಬಂದರೆ ಸರ್ವಜ್ಞ, ಗುರು-ಜಾತಿ-ಹಸಿವಿನ ಮಾತು ಬಂದರೂ ಸರ್ವಜ್ಞ. ಹಿರೇಕೆರೂರು ಸೀಮೆಯ ಮಾಸೂರು-ಅಬಲೂರುಗಳ ಜೊತೆ ಜನ ಈ ಕವಿಯನ್ನು ಸೇರಿಸಿ ನೆನೆಯುತ್ತಾರೆ. ಆದರೆ ಅವನ ವಚನಗಳು ಯಾವ ಒಂದು ಊರಿನಲ್ಲೂ ಒಟ್ಟಾಗಿ ಇರಲಿಲ್ಲ. ಒಂದಿಷ್ಟು ಓಲೆಗರಿಯಲ್ಲಿ, ಒಂದಿಷ್ಟು ಕೈಬರಹದ ಕಟ್ಟುಗಳಲ್ಲಿ, ಬಹುಪಾಲು ಮುದುಕ-ಮುದುಕಿಯರ ನಾಲಿಗೆಯ ಮೇಲೆ. ಚನ್ನಪ್ಪನವರು ಅವನ್ನು ಕೂಡಿಹಾಕತೊಡಗಿದರು.

ಆ ಕೆಲಸ ಹೇಗಿತ್ತೆಂದು ಹತ್ತಿರದಿಂದ ನೋಡಬೇಕು. ತ್ರಿಪದಿ ಅಂಶಗಣದ ಛಂದಸ್ಸು. ಒಟ್ಟು ಹನ್ನೊಂದು ಗಣ. ಅದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಬೀಸುಕಲ್ಲಿನ ಮುಂದೆ ಕೂತು ಹಾಡುವ ಹೆಂಗಸಿಗೆ ಈ ಲೆಕ್ಕ ಗೊತ್ತಿಲ್ಲ, ಆದರೆ ಆ ಎರಡು ಜಾಗಗಳಲ್ಲಿ ದನಿ ತುಸು ಬೇಗ ಸರಿಯಬೇಕೆಂದು ಅವಳ ಕೈಗೂ ಉಸಿರಿಗೂ ಗೊತ್ತು. ಈಗ ಒಂದೇ ವಚನ ಮೂರು ಕಡೆ ಮೂರು ಥರ ಸಿಕ್ಕಿತೆಂದುಕೊಳ್ಳಿ. ಓಲೆಗರಿಯಲ್ಲಿ ಒಂದು ಪದ, ಕಾಗದದ ಪ್ರತಿಯಲ್ಲಿ ಇನ್ನೊಂದು, ಹಾಡುವವನ ಬಾಯಲ್ಲಿ ಮತ್ತೊಂದು. ಛಂದಸ್ಸು ಕೆಟ್ಟಿದ್ದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ಛಂದಸ್ಸು ಸರಿಯಿದ್ದು ಅರ್ಥ ಸಪ್ಪೆಯಾಗಿದ್ದರೆ ಕಷ್ಟದ ಹಳೆಯ ಪದವನ್ನು ಯಾರೋ ಸಲೀಸು ಮಾಡಿದ್ದಾರೆ. ಇನ್ನು ಸರ್ವಜ್ಞನ ಅಂಕಿತ ಹಾಕಿ ತಮ್ಮ ಮಾತನ್ನೇ ಸೇರಿಸಿದವರು ಬೇರೆ. ಇಂಥದ್ದನ್ನು ಒಂದೊಂದಾಗಿ ತೂಗಿ ನೋಡಬೇಕು, ಅದೂ ಭಾನುವಾರದ ಆರಾಧನೆ, ಸಾವು-ಮದುವೆ, ಸಭೆಯ ತಂಟೆ-ತಕರಾರುಗಳ ನಡುವೆ ಸಿಕ್ಕ ಹೊತ್ತಿನಲ್ಲಿ.

1924ರಲ್ಲಿ ಪುಸ್ತಕ ಹೊರಬಂತು. ಸುಮಾರು ಎರಡು ಸಾವಿರ ವಚನಗಳನ್ನು ವಿಷಯವಾರು ಜೋಡಿಸಿದ ದೊಡ್ಡ ಸಂಪುಟ. ಅದರ ಹಿಂದಿನ ವರ್ಷವಷ್ಟೇ, ಧಾರವಾಡದಲ್ಲೇ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ತಂದಿದ್ದರು. ಅದೇ 1924ರ ಕೊನೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗದುಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಹರಿದು ಹಂಚಿಹೋಗಿದ್ದ ನಾಡನ್ನು ಕೂಡಿಸಬೇಕೆಂದು ಒಂದು ಪೀಳಿಗೆ ಹಟ ತೊಟ್ಟ ಕಾಲವದು. ಒಬ್ಬ ವಕೀಲ ವಚನ ಕೂಡಿಸಿದ, ಇನ್ನೊಬ್ಬ ವಕೀಲ ಹಾಡು ಕಟ್ಟಿದ, ಒಬ್ಬ ಪಾದ್ರಿ ಸರ್ವಜ್ಞನ ಹಿಂದೆ ಬಿದ್ದ.

ಪಾದ್ರಿಗೆ ಶೈವ ಕವಿಯ ಉಸಾಬರಿ ಯಾಕೆ ಎಂದು ಕೇಳುವವರು ಆಗಲೂ ಇದ್ದರು. ಚನ್ನಪ್ಪನವರು ಸರ್ವಜ್ಞನ ಶಿವನನ್ನು ಕ್ರಿಸ್ತನನ್ನಾಗಿ ತಿದ್ದಲಿಲ್ಲ, ಅವನ ಮಾತನ್ನು ತಮ್ಮ ಬೋಧನೆಗೆ ಅನುಕೂಲವಾಗುವಂತೆ ಕತ್ತರಿಸಲೂ ಇಲ್ಲ. ಅವನು ಹೇಗಿದ್ದನೋ ಹಾಗೆ ಉಳಿಸುವುದೇ ಅವರ ಸಂಪಾದನೆಯ ನಿಯಮ. ಅತ್ತ ತಮ್ಮ ಕ್ರೈಸ್ತ ನಂಬಿಕೆಯನ್ನೂ ಬಿಡಲಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಬರಹ ಕ್ರಿಸ್ತನನ್ನು ಭಾರತದ ಅಧ್ಯಾತ್ಮ ಪರಂಪರೆಯ ಜೊತೆ ಕೂಡಿಸಿ ಕಾಣುವ ಧೈರ್ಯದ ಪ್ರಯತ್ನ. ಅದು ಸಭೆಯೊಳಗೆ ಎಲ್ಲರಿಗೂ ಹಿಡಿಸಲಿಲ್ಲ. ಹೊರಗಿನವರಿಗೆ ಅವರು ಮಿಶನ್ನಿನವರು, ಒಳಗಿನ ಕೆಲವರಿಗೆ ವಚನದ ಹುಚ್ಚಿನವರು. ಎರಡೂ ಕಡೆಯ ಈ ಅನುಮಾನವನ್ನು ಅವರು ಜೀವಮಾನವಿಡೀ ಹೊತ್ತರು. ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು.

ಕರೆ ಎಂಬುದರ ಬಗ್ಗೆ ಚನ್ನಪ್ಪನವರ ಬದುಕು ಹೇಳುವ ಮುಖ್ಯ ಸಂಗತಿ ಇಲ್ಲಿದೆ. ಸರ್ವಜ್ಞನ ಕೆಲಸಕ್ಕಾಗಿ ಅವರು ಪಾದ್ರಿಯ ಕೆಲಸ ಬಿಡಲಿಲ್ಲ. ಪಾದ್ರಿಯ ಕೆಲಸವನ್ನು ಮನಸ್ಸಿಟ್ಟು ಮಾಡುತ್ತಿದ್ದಾಗಲೇ ಈ ಇನ್ನೊಂದು ಕೆಲಸ ಅವರ ಹಾದಿಗೆ ಬಂತು. ಹಳ್ಳಿಗೆ ಹೋಗದಿದ್ದರೆ ಆ ವಚನಗಳು ಅವರ ಕಿವಿಗೆ ಬೀಳುತ್ತಿರಲಿಲ್ಲ. ನನ್ನ ವರ ಯಾವುದು ಎಂದು ಬಾಗಿಲು ಹಾಕಿಕೊಂಡು ತನ್ನೊಳಗೆ ಹುಡುಕುವವನಿಗಿಂತ, ಒಪ್ಪಿಸಿದ ಕೆಲಸವನ್ನು ಹಿಡಿದು ಜನರ ನಡುವೆ ನಡೆಯುವವನಿಗೆ ಅದು ಬೇಗ ಗೊತ್ತಾಗುತ್ತದೆ ಎಂಬುದು ಈ ಲೇಖಕನ ನಂಬಿಕೆ. ದೇವರು ಮೋಶೆಯನ್ನು ಕರೆದಾಗ ಮೋಶೆ ಮಾವನ ಕುರಿ ಕಾಯುತ್ತಿದ್ದ. ದೇವರು ಕೇಳಿದ್ದು ಅವನ ಕೈಯಲ್ಲಿ ಏನಿದೆ ಎಂದು. ಇದ್ದದ್ದು ಕುರಿ ಕಾಯುವ ಕೋಲು.

ಚನ್ನಪ್ಪನವರನ್ನು ಬೆಳೆಸಿದ ಬಾಸೆಲ್ ಮಿಶನ್ನಿನ ಕತೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. ಪಾದ್ರಿ, ಸನ್ಯಾಸಿಗಳಿಗೆ ಮಾತ್ರವಲ್ಲ, ಚಮ್ಮಾರ, ಬಡಗಿ, ಅಡಿಗೆಯವಳಿಗೂ ದೇವರ ಕರೆ ಇದೆ ಎಂದು ಮಾರ್ಟಿನ್ ಲೂಥರ್ 16ನೆಯ ಶತಮಾನದಲ್ಲಿ ಎತ್ತಿ ಹಿಡಿದ ವಿಚಾರ ಅವರಿಗೆ ಮನೆಯ ಗಾಳಿಯಲ್ಲೇ ಸಿಕ್ಕಿತ್ತು. ಅದರಿಂದಲೇ ಈ ಮಿಶನ್ ಬೋಧಕರ ಜೊತೆ ನೇಕಾರರನ್ನೂ ಯಂತ್ರ ಬಲ್ಲವರನ್ನೂ ಕಳಿಸಿತು. ಮಂಗಳೂರಿನ ನೇಯ್ಗೆ ಶಾಲೆಯ ಹಾಲರ್ ಹೆಸರು ಖಾಕಿ ಬಣ್ಣದ ಜೊತೆ ಬೆಸೆದುಕೊಂಡಿದೆ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕನ್ನಡದ ಅಚ್ಚುಮೊಳೆಗಳನ್ನು ಅಂದಗೊಳಿಸಿದ ಕೆಲಸದಲ್ಲೂ ಅವರ ಕೈಯಿದೆ. ಮಂಗಳೂರು ಹಂಚು ಹೊದ್ದ ಮನೆಗಳ ಕೆಳಗೆ ಮಲಗಿದ ತಲೆಮಾರುಗಳು ಅವರ ಹೆಸರು ಕೇಳಿಲ್ಲ.

ಬಂದವರೆಲ್ಲ ಅಂದುಕೊಂಡದ್ದನ್ನು ಸಾಧಿಸಿದರೆಂದು ಹೇಳಲಾಗದು. ಗದಗ ತಾಲೂಕಿನ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಕ್ರೈಸ್ತ ಒಕ್ಕಲಿಗರ ಒಂದು ನೆಲೆ ಕಟ್ಟುವ ಯೋಜನೆ ನಡೆಯಿತು. ಹೊಸ ನಂಬಿಕೆಗೆ ಬಂದವರು ಅಲ್ಲಿ ಉಳುಮೆ ಮಾಡಿ ಬಾಳಲಿ ಎಂಬುದು ಕನಸು. ಕನಸು ಕಂಡಷ್ಟು ಜನ ಬರಲಿಲ್ಲ, ನೆಲೆ ಬೆಳೆಯಲಿಲ್ಲ. ಆ ದಿನಗಳ ಉತ್ಸಾಹಿಗಳಲ್ಲಿ ಮುಂಚೂಣಿಯಲ್ಲಿದ್ದವರು ಹರ್ಮನ್ ಮೋಗ್ಲಿಂಗ್. 1811ರಲ್ಲಿ ಹುಟ್ಟಿ, 1836ರಲ್ಲಿ ಕರಾವಳಿಗೆ ಬಂದ ಈ ಮನುಷ್ಯನ ತಲೆಯ ತುಂಬ ಜನರನ್ನು ಕ್ರಿಸ್ತನ ಬಳಿಗೆ ಕರೆತರುವ ತವಕ. ಅವರ ಅಂಥ ಯೋಜನೆಗಳಲ್ಲಿ ಹಲವು ನೆಲಕಚ್ಚಿದವು. ಆದರೆ ಕೆಲಸದ ನಡುವೆ ಅವರು ಹಿಡಿದ ಇನ್ನೊಂದು ಹಾದಿ ಕನ್ನಡದಲ್ಲಿ ಹೆದ್ದಾರಿಯೇ ಆಯಿತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಹೊರಟಿತು. ಅದು ಕನ್ನಡದ ಮೊದಲ ಪತ್ರಿಕೆ. 1848ರಿಂದ 1853ರವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಅದಕ್ಕೆ ಹಣ ಕೊಟ್ಟವರು ನಿವೃತ್ತ ನ್ಯಾಯಾಧೀಶ ಕಾಸಮೇಜರ್. ಹರಿದಾಸರ ಹಾಡನ್ನು ಮೊದಲ ಸಲ ಸಂಗ್ರಹವಾಗಿ ಅಚ್ಚಿಗೆ ತಂದವರು ಕ್ರೈಸ್ತ ಮಿಶನರಿ ಎಂಬುದನ್ನು ಭಜನೆ ಮಂಡಳಿಯವರೂ ತಿಳಿದಿರಬೇಕು, ಸಭೆಯ ಯುವಕರೂ ತಿಳಿದಿರಬೇಕು.

ಫರ್ಡಿನೆಂಡ್ ಕಿಟ್ಟೆಲ್ ಅವರದ್ದು ಇನ್ನೂ ಕಠಿಣವಾದ ಹಾದಿ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಭಾರತಕ್ಕೆ ಬಂದ ಅವರು ಪೌಲನ ಮಾದರಿಯಲ್ಲಿ ಭಾರತೀಯರ ನಡುವೆ ಭಾರತೀಯನಾಗಿ ಬದುಕಬೇಕೆಂದು ಹೊರಟವರು. ಅದು ಅವರ ಸಹೋದ್ಯೋಗಿಗಳಿಗೆ ಸರಿಬೀಳಲಿಲ್ಲ. ಪುಸ್ತಕದ ಹುಳು, ಬೋಧನೆಗೆ ಒದಗದವರು ಎಂಬ ಅಸಮಾಧಾನ ಬೆಳೆಯಿತು. ಮಿಶನರಿಯಾಗಿ ಅವರ ಮೊದಲ ವರ್ಷಗಳನ್ನು ವಿದ್ವಾಂಸರು ಸೋಲು ಎಂದೇ ಗುರುತಿಸಿದ್ದಾರೆ. 1862ರಲ್ಲಿ ಅವರು ಯೇಸುವಿನ ಕತೆಯನ್ನು ಈ ನೆಲದ ಛಂದಸ್ಸಿನಲ್ಲಿ ಕಥಾಮಾಲೆ ಎಂದು ಬರೆದರು. ಹಾಡಬಲ್ಲ ಕನ್ನಡದಲ್ಲಿ ಹೇಳಿದರೆ ಮಾತ್ರ ಈ ಜನಕ್ಕೆ ಕತೆ ಮುಟ್ಟೀತೆಂದು ಅವರಿಗೆ ತಿಳಿದಿತ್ತು. ಆಮೇಲೆ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿಗಳ ಸಂಪಾದನೆ. ಆಮೇಲೆ ನಿಘಂಟು. ನಡುವೆ ಹೆಂಡತಿ ಪೌಲಿನಾ ತೀರಿಕೊಂಡರು, ಆರೋಗ್ಯ ಕೆಟ್ಟಿತು, ಕಣ್ಣು ಮಂಜಾಯಿತು. 1877ರಲ್ಲಿ ಊರಿಗೆ ಮರಳಿದವರು ಕೆಲಸ ಮುಗಿಸಲೆಂದೇ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಟಾಗ ಅವರಿಗೆ 62 ವರ್ಷ. ಆ ನಿಘಂಟಿನ ಪುಟ ತಿರುವಿದರೆ ಗಾದೆಗಳು ಸಾಲುಗಟ್ಟಿ ಬರುತ್ತವೆ. ಬೋಧನೆಗೆ ಒದಗದವರೆಂದು ಅನ್ನಿಸಿಕೊಂಡವರು ಜನರ ಮಾತನ್ನು ಎಷ್ಟು ವರ್ಷ ಕಿವಿಗೊಟ್ಟು ಕೇಳಿದ್ದರು ಎಂಬುದಕ್ಕೆ ಆ ಗಾದೆಗಳೇ ಸಾಕ್ಷಿ.

ಇವರೆಲ್ಲ ಗಂಡಸರು, ಓದಿದವರು, ಬೆನ್ನಿಗೆ ಸಂಸ್ಥೆ ಇದ್ದವರು. ಇವು ಯಾವುವೂ ಇಲ್ಲದವರ ಕತೆಗೆ ನೆರೆಯ ಮಹಾರಾಷ್ಟ್ರದ ಲಕ್ಷ್ಮೀಬಾಯಿ ತಿಲಕರನ್ನು ನೆನೆಯಬೇಕು. 1868ರಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಲ್ಲೇ ಮದುವೆಯಾಯಿತು. ಗಂಡ ನಾರಾಯಣ ವಾಮನ ತಿಲಕರು ಹೆಸರಾದ ಕವಿ. ಅವರು 1895ರಲ್ಲಿ ಕ್ರೈಸ್ತರಾದಾಗ ಲಕ್ಷ್ಮೀಬಾಯಿಯವರ ಬದುಕು ನಡುಬೀದಿಗೆ ಬಂತು. ಕೆಲವು ವರ್ಷ ದೂರವಿದ್ದು, ತಮ್ಮದೇ ಹೊಯ್ದಾಟದ ನಂತರ ಅವರೂ ಆ ನಂಬಿಕೆಗೆ ಬಂದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. 1919ರಲ್ಲಿ ತಿಲಕರು ತೀರಿಕೊಂಡಾಗ ಅವರು ಓವಿ ಛಂದಸ್ಸಿನಲ್ಲಿ ಬರೆಯುತ್ತಿದ್ದ ಕ್ರಿಸ್ತಾಯನ ಕಾವ್ಯ ಅರ್ಧಕ್ಕೂ ಮುಟ್ಟಿರಲಿಲ್ಲ. ಉಳಿದ ಅಧ್ಯಾಯಗಳನ್ನು ಬರೆದು ಪೂರೈಸಿದವರು ಲಕ್ಷ್ಮೀಬಾಯಿ. ಅವರ ಆತ್ಮಕಥೆ ಸ್ಮೃತಿಚಿತ್ರೆ ಮರಾಠಿಯ ಅತ್ಯುತ್ತಮ ಗದ್ಯಗಳಲ್ಲಿ ಒಂದು. ಅಡುಗೆಮನೆಯ ಮಾತಿನಲ್ಲಿ ಅಷ್ಟು ದೊಡ್ಡ ಪುಸ್ತಕ ಬರೆಯಬಹುದೆಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮ ಕಾಲಕ್ಕೆ ಬಂದರೆ ಸಾಗರದ ನಾ. ಡಿಸೋಜ. 1937ರಲ್ಲಿ ಹುಟ್ಟಿದ ಅವರು ಕ್ಯಾಥೊಲಿಕ್ ಮನೆಯವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರರು. ಶರಾವತಿ ಯೋಜನೆಯ ಕೆಲಸದಲ್ಲಿ ಕೂತಿದ್ದವರ ಕಣ್ಣೆದುರೇ ಲಿಂಗನಮಕ್ಕಿಯ ನೀರು ಏರಿತು, ಊರುಗಳು ಮುಳುಗಿದವು, ಜನ ಗಂಟುಮೂಟೆ ಕಟ್ಟಿದರು. ಕಡತದಲ್ಲಿ ಅದು ಪರಿಹಾರದ ಲೆಕ್ಕ. ಡಿಸೋಜರಿಗೆ ಅದು ಮುಳುಗಡೆ, ದ್ವೀಪ, ಒಡ್ಡು ಕಾದಂಬರಿಗಳಾಯಿತು. ದ್ವೀಪವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು, ಅದು ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ತಮ್ಮ ಸಮುದಾಯದ ಬದುಕನ್ನೂ ಅವರು ಇಗರ್ಜಿಯ ಸುತ್ತಲಿನ ಹತ್ತು ಮನೆಗಳು ಕಾದಂಬರಿಯಲ್ಲಿ ಚಿತ್ರಿಸಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2025ರ ಜನವರಿಯಲ್ಲಿ ತೀರಿಕೊಂಡರು. ಅವರ ಬಹುಪಾಲು ಕಾದಂಬರಿಗಳಲ್ಲಿ ಉಪದೇಶವಿಲ್ಲ, ಪ್ರಾರ್ಥನೆಯೂ ಇಲ್ಲ. ಮನೆ ಕಳೆದುಕೊಂಡವನ ಪಕ್ಕದಲ್ಲಿ ನಿಂತು ನೋಡುವುದೇ ಕ್ರೈಸ್ತ ಕಲೆಗಾರನ ಸೇವೆಯಾಗಬಲ್ಲದು ಎಂದು ಒಪ್ಪಲು ಅವರ ಇಪ್ಪತ್ತು ಸಾಲು ಓದಿದರೆ ಸಾಕು.

ಗದಗಿನವರಿಗೆ ವರ, ಸಾಧನೆ ಎಂದ ಕೂಡಲೇ ಕಣ್ಣಮುಂದೆ ಬರುವುದು ವೀರೇಶ್ವರ ಪುಣ್ಯಾಶ್ರಮ. ಅದು ಸಹಜ. ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಕೈಗೆ ಸಂಗೀತ ಕೊಟ್ಟ ಮನೆ ಅದು. ಒಂದು ಮಗುವಿನ ವರವನ್ನು ಮಗುವಿಗಿಂತ ಮೊದಲು ಗುರು ಗುರುತಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಬೈಬಲಿನ ಸಮುವೇಲನ ಕತೆಯೂ ಹೀಗೇ ಇದೆ. ರಾತ್ರಿ ತನ್ನ ಹೆಸರು ಕೇಳಿಸಿದಾಗ ಹುಡುಗ ಮುದುಕ ಯಾಜಕ ಏಲಿ ಕರೆದನೆಂದು ಎದ್ದು ಓಡುತ್ತಾನೆ. ಮೂರು ಸಲ ಹಾಗಾಗುತ್ತದೆ. ಕರೆಯುತ್ತಿರುವವನು ದೇವರು ಎಂದು ಕಂಡುಕೊಂಡದ್ದು ಹುಡುಗನಲ್ಲ, ಕಣ್ಣು ಮಬ್ಬಾಗಿದ್ದ ಏಲಿ. ಅಂತಿಯೋಕ್ಯದಲ್ಲಿ ಬಾರ್ನಬ, ಸೌಲರನ್ನು ಬೇರ್ಪಡಿಸಿ ಕಳಿಸಿದಾಗಲೂ ಅಲ್ಲಿನ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿದ್ದರು.

ಈ ಏಲಿಯ ಕೆಲಸವನ್ನು ಇವತ್ತಿನ ಸಭೆಗಳು ಸಾಕಷ್ಟು ಮಾಡುತ್ತಿಲ್ಲ ಎಂದು ನೇರವಾಗಿ ಹೇಳಬೇಕು. ಯುವಕರ ಕೂಟಗಳಲ್ಲಿ ನಿನ್ನ ತಲಾಂತು ಕಂಡುಕೋ ಎಂಬ ಬೋಧನೆ ಧಾರಾಳವಾಗಿದೆ. ಆದರೆ ಹಿರಿಯರೊಬ್ಬರು ಹತ್ತಿರ ಕೂರಿಸಿಕೊಂಡು, ತಂಗೆವ್ವಾ, ನೀ ಹೋದ ವರ್ಷ ಬರೆದ ನಾಟಕ ಭಾಳ ಚಲೋ ಇತ್ತು, ಇನ್ನೊಂದು ಬರಿ, ನಾ ಓದಿ ಹೇಳ್ತೀನಿ ಅನ್ನುವುದು ಕಡಿಮೆ. ಹೊಸ ಹಾಡುಗಳು ಬೆಂಗಳೂರು, ಹೈದರಾಬಾದ್ ಕಡೆಯಿಂದ ಮೊಬೈಲಿಗೆ ಬಂದು ಇಳಿಯುತ್ತವೆ, ಕೀಬೋರ್ಡಿಗೆ ಹತ್ತುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಗದಗ-ಲಕ್ಷ್ಮೇಶ್ವರ ಸೀಮೆಯ ಮಾತಿನಲ್ಲಿ, ಈ ಕಡೆಯ ಧಾಟಿಯಲ್ಲಿ, ಮುಂಗಾರು ಕೈಕೊಟ್ಟ ವರ್ಷದ ಪ್ರಾರ್ಥನೆಯನ್ನು ಹಾಡಾಗಿಸುವವರು ಬೇರೆಲ್ಲಿಂದಲೂ ಬರುವುದಿಲ್ಲ. ಸುಗ್ಗಿಹಬ್ಬದ ದಿನ ರೈತರು ಜೋಳ, ಕಡಲೆ, ಉಳ್ಳಾಗಡ್ಡಿ, ಕೋಳಿಗಳನ್ನು ದೇವಾಲಯಕ್ಕೆ ತಂದು ಅರ್ಪಿಸಿ ಹರಾಜು ಹಾಕುತ್ತಾರಲ್ಲ, ಅದೇ ದಿನ ಅದೇ ಸಭೆಯವರು ಕಟ್ಟಿದ ಒಂದು ಹಾಡು, ಬರೆದ ಒಂದು ಚಿತ್ರ, ನೇಯ್ದ ಒಂದು ಬಟ್ಟೆಗೂ ಅರ್ಪಣೆಯ ಸಾಲಿನಲ್ಲಿ ಜಾಗ ಕೊಡಬಹುದು. ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಪೇತ್ರನಿಗೆ ಅಳುತ್ತ ತೋರಿಸಿದ್ದು ಅವಳು ಹೊಲಿದು ಕೊಟ್ಟಿದ್ದ ಅಂಗಿಗಳನ್ನು.

ಚನ್ನಪ್ಪನವರ ಕಡೆಗೆ ಮತ್ತೆ ಬರೋಣ, ಏಕೆಂದರೆ ಅವರ ಕೆಲಸ 1924ಕ್ಕೆ ನಿಲ್ಲಲಿಲ್ಲ. ಸರ್ವಜ್ಞನಿಂದ ಅವರು ಹನ್ನೆರಡನೆಯ ಶತಮಾನದ ಶರಣರ ಕಡೆ ನಡೆದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ನಿಜಾಮನ ಆಳ್ವಿಕೆ ಕೊನೆಗೊಂಡು ಕಲಬುರ್ಗಿ ಉಸಿರಾಡತೊಡಗಿತ್ತು. ಆ ಊರಿನ ಮೊದಲ ಬಿಡುಗಡೆಯ ದಿನಗಳಲ್ಲಿ ಕನ್ನಡಿಗರು ತಮ್ಮ ಪರವಾಗಿ ಮಾತಾಡಲು ಆರಿಸಿಕೊಂಡದ್ದು ಒಬ್ಬ ಕ್ರೈಸ್ತ ಪಾದ್ರಿಯನ್ನು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ವಿವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು 1951ರಲ್ಲಿ ಪುಸ್ತಕ ಬರೆದರು. ಎಸ್. ಎಸ್. ಭೂಸನೂರಮಠರ ಜೊತೆ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯ ಸಂಗ್ರಹ 1955ರಲ್ಲಿ ಬಂದಾಗ ಅವರಿಗೆ ಎಪ್ಪತ್ತಮೂರು ದಾಟಿತ್ತು. ಮೋಳಿಗೆ ಮಾರಯ್ಯ ಕಟ್ಟಿಗೆ ಹೊತ್ತು ಮಾರಿದವನು. ಸಿದ್ಧರಾಮ ಕೆರೆ ತೋಡಿಸಿದವನು. ಕೈಯ ದುಡಿಮೆಯನ್ನು ದೇವರ ಕೆಲಸವೆಂದು ಬಗೆದ ಈ ಶರಣರ ಕಡೆಗೆ, ಲೂಥರನ ಪರಂಪರೆಯಲ್ಲಿ ಬೆಳೆದ ಪಾದ್ರಿಯ ಮನಸ್ಸು ಎಳೆದದ್ದರಲ್ಲಿ ಆಶ್ಚರ್ಯವಿಲ್ಲ. 1962ರಲ್ಲಿ ಅವರು ತೀರಿಕೊಂಡರು.

ಅಂಥ ಕೆಲಸ ಈಗ ಮುಗಿದುಹೋಗಿದೆಯೇ ಎಂದು ಒಬ್ಬ ಹುಡುಗಿ ಕೇಳಿದರೆ ಅವಳಿಗೆ ಹೇಳಬಹುದಾದದ್ದು ಸಾಕಷ್ಟಿದೆ. ಕಣಗಳು ಹೋಗಿ ರಾಶಿ ಯಂತ್ರ ಬಂದ ಮೇಲೆ ಹಂತಿಪದ ಹಾಡುವವರು ಹರ್ತಿ, ಮುಳಗುಂದ, ಶಿರಹಟ್ಟಿ, ಮುಂಡರಗಿಯ ಕಡೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೀಸುಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದಗಳದ್ದೂ ಇದೇ ಪಾಡು. 1931ರಲ್ಲಿ ಹಲಸಂಗಿ ಗೆಳೆಯರು ಗರತಿಯ ಹಾಡು ತಂದಾಗ ಅವರ ಬಳಿ ಇದ್ದದ್ದು ಕಾಗದ ಮತ್ತು ಪೆನ್ಸಿಲು. ಈಗ ಪ್ರತಿ ಮನೆಯಲ್ಲೂ ದನಿ ಹಿಡಿಯುವ ಮೊಬೈಲ್ ಇದೆ. ಕ್ರೈಸ್ತ ಮನೆಗಳಲ್ಲೇ ಮುಪ್ಪಿನ ಅಜ್ಜಿಯರು ಬಾಸೆಲ್ ಕಾಲದ ಹಳೆಯ ಕೀರ್ತನೆಗಳನ್ನು ಅಚ್ಚಾದ ಧಾಟಿಯಲ್ಲಲ್ಲದೆ ತಮ್ಮದೇ ಧಾಟಿಯಲ್ಲಿ ಹಾಡುತ್ತಾರೆ. ಆ ಧಾಟಿಗೆ ಎಲ್ಲೂ ಸ್ವರಲಿಪಿ ಬರೆದಿಲ್ಲ. ನಾಳೆ ಸಂಜೆ ಒಬ್ಬ ಅಜ್ಜಿಯ ಮನೆಗೆ ಹೋಗಿ, ಯಾರ ಹತ್ತಿರ ಕಲಿತಿರಿ, ಯಾವ ಊರಲ್ಲಿ, ಯಾವ ಹೊತ್ತಿನಲ್ಲಿ ಹಾಡುತ್ತಿದ್ದಿರಿ ಎಂದು ಕೇಳಿ ಮೊದಲು ಬರೆದುಕೊಳ್ಳಬೇಕು. ಹಾಡನ್ನು ಎರಡು ಸಲ ಹಾಡಿಸಿ ಹಿಡಿಯಬೇಕು, ಏಕೆಂದರೆ ಎರಡನೆಯ ಸಲ ಪದ ಬದಲಾಗುತ್ತದೆ. ಬದಲಾದದ್ದನ್ನು ತಿದ್ದದೆ, ಎರಡನ್ನೂ ಹಾಗೇ ಇಟ್ಟುಕೊಳ್ಳಬೇಕು.